ಗಿಣ್ಣುಹಾಲು ಮತ್ತು ನಾಯಿಮರಿಯ ಲಸಿಕೆ

ಹಾಸನದ ಸೀಮೆಯಲ್ಲಿ ನಾಯಿಮರಿಯೊಂದು ಮನೆ ಸೇರುವ ಬಗೆಗಳು ಹಲವು. ಪಟ್ಟಣದ ಬಡಾವಣೆಗೆ ಅದು ಹೆಚ್ಚಾಗಿ ಕ್ರಯಕ್ಕೆ ಬರುತ್ತದೆ. ಅರಕಲಗೂಡಿನ ಕಡೆಯ ಹೊಗೆಸೊಪ್ಪಿನ ಹೊಲದ ಮನೆಗೆ, ಚನ್ನರಾಯಪಟ್ಟಣದ ತೆಂಗಿನ ತೋಟದ ಮನೆಗೆ, ಹೊಳೆನರಸೀಪುರದ ಗದ್ದೆಬಯಲಿನ ಮನೆಗೆ ನೆಂಟರ ಊರಿನಿಂದ ಕೈಚೀಲದಲ್ಲಿ ಕುಳಿತು ಬರುವುದೂ ಉಂಟು. ಬೀದಿಯ ತಾಯಿಗೆ ಹುಟ್ಟಿ, ಮಳೆಯಲ್ಲಿ ನೆನೆದು, ಮಕ್ಕಳ ಕರುಣೆಯಿಂದ ಜಗುಲಿಯೇರುವುದೂ ಉಂಟು. ಬಂದ ಬಗೆ ಯಾವುದೇ ಆಗಿರಲಿ, ಕೆಲವು ದಿನಗಳೊಳಗೆ ಮನೆಯವರು ಪಶು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಒಂದೇ: “ಡಾಕ್ಟ್ರೇ, ಇದಕ್ಕೆ ಯಾವಾಗ ಇಂಜೆಕ್ಷನ್ ಹಾಕಿಸ್ಬೇಕು, ಎಷ್ಟು ಹಾಕಿಸ್ಬೇಕು?” ನಲವತ್ತೈದು ದಿನಕ್ಕೆ ಒಂದು, ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು, ಮತ್ತಷ್ಟೇ ವಾರ ಬಿಟ್ಟು ಮಗುದೊಂದು ಎಂಬ ಉತ್ತರವು ಕೇಳುವವರಿಗೆ ಕಾರಣವಿಲ್ಲದ ಕಟ್ಟಳೆಯಂತೆ ತೋರುವುದರಿಂದ, ಎರಡು ಸೂಜಿಯಾದ ಮೇಲೆ ಮರಿ ಲವಲವಿಕೆಯಿಂದ ಆಡಿಕೊಂಡಿದೆಯೆಂದು ಮೂರನೆಯದನ್ನು ಕೈಬಿಡುವವರುಂಟು. ಈ ಮೂರರಲ್ಲಿ ಯಾವುದನ್ನು ಬಿಡಲೇಬಾರದು ಎಂದರೆ ಆ ಕೊನೆಯದನ್ನೇ. ಏಕೆಂಬುದನ್ನು ತಿಳಿಯಬೇಕಾದರೆ ತಾಯಿಯ ಹಾಲಿನಿಂದ ಆರಂಭಿಸಬೇಕಾಗುತ್ತದೆ.

ಹಸು ಕಟ್ಟಿದ ಮನೆಯವರಿಗೆ ಗಿಣ್ಣುಹಾಲಿನ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕರು ನೆಲಕ್ಕೆ ಬಿದ್ದ ಗಂಟೆಯೊಳಗೆ ಅದರ ಬಾಯಿಗೆ ಕೆಚ್ಚಲನ್ನು ಕೊಡದಿದ್ದರೆ ಆ ಕರು ಮುಂದೆ ಭೇದಿಯಿಂದಲೋ ಕೆಮ್ಮಿನಿಂದಲೋ ಸೊರಗುವುದೆಂಬುದು ಅವರ ಅನುಭವದ ಮಾತು. ಹಸುವಿನ ಮಾಸು ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳನ್ನು, ಎಂದರೆ ರೋಗಾಣುಗಳನ್ನು ಗುರುತಿಸಿ ಹಿಡಿಯುವ ಸೂಕ್ಷ್ಮ ಸಸಾರಜನಕ ಕಣಗಳನ್ನು, ಗರ್ಭಸ್ಥ ಕರುವಿಗೆ ದಾಟಗೊಡುವುದಿಲ್ಲ; ಅವೆಲ್ಲವೂ ಗಿಣ್ಣಿನಲ್ಲಿಯೇ ಬರತಕ್ಕವು. ಮನುಷ್ಯರಲ್ಲಾದರೋ ಶಿಶುವು ಹುಟ್ಟುವ ಮೊದಲೇ ತಾಯಿಯಿಂದ ಅವನ್ನು ಯಥೇಚ್ಛವಾಗಿ ಪಡೆದಿರುತ್ತದೆ. ನಾಯಿ ಈ ವಿಷಯದಲ್ಲಿ ಹಸುವಿಗೆ ಹತ್ತಿರ: ನೂರರಲ್ಲಿ ಐದರಿಂದ ಹತ್ತು ಪಾಲು ಮಾತ್ರ ಗರ್ಭದಲ್ಲಿ ದೊರೆತು, ಮಿಕ್ಕದ್ದೆಲ್ಲವೂ ಮೊದಲ ಹಾಲಿನ ಮೂಲಕ ಬರುತ್ತದೆ. ಮರಿಯ ಕರುಳು ಈ ಕಣಗಳನ್ನು ಜೀರ್ಣಿಸದೆ ಇದ್ದ ಹಾಗೆಯೇ ರಕ್ತಕ್ಕೆ ಹೀರಿಕೊಳ್ಳುವ ಶಕ್ತಿಯನ್ನು ಹುಟ್ಟಿದ ಮೊದಲ ದಿನದ ಮಟ್ಟಿಗೆ ಮಾತ್ರ ಹೊಂದಿರುತ್ತದೆ; ಆ ಬಾಗಿಲು ಮುಚ್ಚಿದ ಮೇಲೆ ಹಾಲು ಕೇವಲ ಆಹಾರ. ಆದುದರಿಂದ ಒಂದೇ ಸೂಲಿನ ಮರಿಗಳಲ್ಲಿಯೂ ಮೊದಲು ಹುಟ್ಟಿ ಮೊಲೆ ಹಿಡಿದ ದಷ್ಟಪುಷ್ಟವಾದ ಮರಿಗೂ, ಕಡೆಗೆ ಹುಟ್ಟಿ ಅಣ್ಣತಮ್ಮಂದಿರ ಕಾಲ್ತುಳಿತದಲ್ಲಿ ಹಿಂದುಳಿದ ಮರಿಗೂ ದೊರೆಯುವ ಪಾಲು ಒಂದೇ ಸಮನಾಗಿರುವುದಿಲ್ಲ.

ಈ ತಾಯಿಯ ಕೊಡುಗೆ ಬೇಸಗೆಯ ಕೆರೆಯ ನೀರಿನಂತೆ ದಿನದಿನಕ್ಕೂ ಇಂಗುತ್ತಾ ಹೋಗುತ್ತದೆ. ಸುಮಾರು ಎಂಟು ಹತ್ತು ದಿನಗಳಿಗೊಮ್ಮೆ ಅದರ ಪ್ರಮಾಣ ಅರ್ಧಕ್ಕೆ ಇಳಿಯುವುದೆಂದು ವಿಜ್ಞಾನಿಗಳು ಅಳೆದಿರುವರು. ಒಂದು ಮರಿಗೆ ಇನ್ನೊಂದರ ಎಂಟರಷ್ಟು ಪಾಲು ದೊರೆತಿತ್ತೆನ್ನೋಣ: ಎಂಟು ನಾಲ್ಕಾಗಿ, ನಾಲ್ಕು ಎರಡಾಗಿ, ಎರಡು ಒಂದಾಗಲು ಮೂರು ಸಲ ಅರ್ಧವಾಗಬೇಕಷ್ಟೆ, ಅಷ್ಟಕ್ಕೆ ಇಪ್ಪತ್ತನಾಲ್ಕರಿಂದ ಮೂವತ್ತು ದಿನ ಬೇಕು. ಎಂದರೆ ಮೊದಲನೆಯ ಮರಿಯು ತಾಯಿಯ ರಕ್ಷಣೆಯನ್ನು ಕಳೆದುಕೊಳ್ಳುವುದು ಎರಡನೆಯದಕ್ಕಿಂತ ಸುಮಾರು ಒಂದು ತಿಂಗಳು ತಡವಾಗಿ. ಹೊರಗಿನಿಂದ ನೋಡಿದವರಿಗೆ ಈ ಎರಡು ಮರಿಗಳಲ್ಲಿ ಯಾವ ಭೇದವೂ ಕಾಣಿಸದು.

ಇಷ್ಟೇ ಆಗಿದ್ದರೆ ತಾಯಿಯ ರಕ್ಷಣೆ ಮುಗಿಯುವ ಮುನ್ನವೇ ಲಸಿಕೆ ಹಾಕಿಸಿ ನಿಶ್ಚಿಂತರಾಗಿರಬಹುದಾಗಿತ್ತು. ಆದರೆ ಡಿಸ್ಟೆಂಪರ್, ಪಾರ್ವೊ ಮುಂತಾದ ರೋಗಗಳ ಲಸಿಕೆಗಳಲ್ಲಿರುವುದು ಸಾಮರ್ಥ್ಯ ಕುಗ್ಗಿಸಿದ ಜೀವಂತ ವೈರಾಣು. ಅದು ಮರಿಯ ಶರೀರದಲ್ಲಿ ಸ್ವಲ್ಪ ವೃದ್ಧಿಯಾದರೆ ತಾನೆ ಮರಿಯು ತನ್ನದೇ ಪ್ರತಿಕಾಯಗಳನ್ನು ಉತ್ಪಾದಿಸಲು ಕಲಿಯುವುದು. ತಾಯಿಯಿಂದ ಬಂದ ಪ್ರತಿಕಾಯಗಳಿಗೆ ರೋಗದ ವೈರಾಣು ಯಾವುದು, ಲಸಿಕೆಯ ವೈರಾಣು ಯಾವುದು ಎಂಬ ವಿವೇಚನೆಯಿಲ್ಲ. ಎರಡನ್ನೂ ಹಿಡಿದು ನಿಷ್ಕ್ರಿಯಗೊಳಿಸುತ್ತವೆ. ಅದಕ್ಕಿಂತಲೂ ಕ್ಲೇಶಕರವಾದ ಸಂಗತಿಯೆಂದರೆ, ಬೀದಿಯಿಂದ ಬರುವ ಪ್ರಬಲ ವೈರಾಣುವನ್ನು ತಡೆಯಲು ಸಾಲದಷ್ಟು ಅಲ್ಪ ಪ್ರಮಾಣಕ್ಕೆ ಇಳಿದ ಪ್ರತಿಕಾಯವೂ ಲಸಿಕೆಯ ದುರ್ಬಲ ವೈರಾಣುವನ್ನು ಕೆಡಿಸಬಲ್ಲುದು. ಹೀಗೆ ಪ್ರತಿಯೊಂದು ಮರಿಯ ಬಾಳಿನಲ್ಲಿಯೂ ತಾಯಿಯ ರಕ್ಷಣೆಯೂ ಇಲ್ಲದ, ಲಸಿಕೆಯೂ ನಾಟದ ಕೆಲವು ದಿನಗಳು ಬಂದೇ ಬರುತ್ತವೆ. ಬಹುಪಾಲು ಮರಿಗಳಲ್ಲಿ ಎಂಟರಿಂದ ಹನ್ನೆರಡನೆಯ ವಾರದೊಳಗೆ ತಾಯಿಯ ಪ್ರತಿಕಾಯ ಸಾಕಷ್ಟು ಇಳಿದಿರುತ್ತದೆಯಾದರೂ, ಕೆಲವುಗಳಲ್ಲಿ ಹದಿನಾರನೆಯ ವಾರದವರೆಗೂ ಅದು ಅಡ್ಡಿಯಾಗಿ ನಿಲ್ಲಬಹುದು. ಮೂರು ಸೂಜಿಗಳನ್ನು ಕೊಡುವುದು ಒಂದರ ಬಲವನ್ನು ಇನ್ನೊಂದರಿಂದ ಹೆಚ್ಚಿಸುವುದಕ್ಕೆಂದು ಅನೇಕರು ತಿಳಿದಿರುವರು. ವಸ್ತುತಃ ಅವು, ಯಾವ ದಿನ ಬಾಗಿಲು ತೆರೆಯುವುದೆಂದು ತಿಳಿಯದ ಕಾರಣ, ಮತ್ತೆ ಮತ್ತೆ ಮಾಡುವ ಪ್ರಯತ್ನಗಳು. ಬೇಗ ತೆರೆದ ಮರಿಗೆ ಮೊದಲನೆಯದೇ ನಾಟಬಹುದು; ತಡವಾಗಿ ತೆರೆದ ಮರಿಗೆ ಮೊದಲಿನ ಎರಡೂ ವ್ಯರ್ಥವಾಗಿ, ಕೊನೆಯದೊಂದೇ ಆಧಾರವಾಗಬಹುದು.

ನಮ್ಮ ಮನೆಯ ಕೂಸುಗಳ ವಿಷಯದಲ್ಲಿಯೂ ಇದೇ ವಿವೇಕ ಕೆಲಸ ಮಾಡುತ್ತಿದೆ. ತಾಯಿ ಕಾರ್ಡನ್ನು ತೆರೆದು ನೋಡಿದರೆ ದಡಾರದ ಲಸಿಕೆಯನ್ನು ಹುಟ್ಟಿದೊಡನೆ ಕೊಡದೆ ಒಂಬತ್ತು ತಿಂಗಳಿಗೆ ಕೊಟ್ಟು, ಎರಡನೆಯದನ್ನು ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಕೊಡುವುದು ಕಾಣುತ್ತದೆ. ತಾಯಿಯ ಪ್ರತಿಕಾಯ ಇಳಿಯಲೆಂದೇ ಆ ಕಾಯುವಿಕೆ. ನಾಯಿಯ ಡಿಸ್ಟೆಂಪರ್ ವೈರಾಣುವೂ ದಡಾರದ ವೈರಾಣುವೂ ಒಂದೇ ಕುಲದವಾಗಿರುವುದರಿಂದ ಈ ಹೋಲಿಕೆ ಆಕಸ್ಮಿಕವೂ ಅಲ್ಲ.

ಹಾಗಾದರೆ ವೇಳಾಪಟ್ಟಿಯನ್ನು ಹೇಗೆ ಗೊತ್ತುಮಾಡಬೇಕು? ನನ್ನ ಅಭಿಪ್ರಾಯದಲ್ಲಿ ಅದನ್ನು ಕೊನೆಯಿಂದ ಮೊದಲಿಗೆ ಬರೆಯಬೇಕು. ಮರಿಗೆ ಹದಿನಾರು ವಾರ ತುಂಬುವ ದಿನವನ್ನು ಮೊದಲು ಕ್ಯಾಲೆಂಡರಿನಲ್ಲಿ ಗುರುತಿಸಿ, ಅಂದೋ ಅದರ ಅನಂತರವೋ ಕೊನೆಯ ಸೂಜಿಯೆಂದು ನಿಶ್ಚಯಿಸಿ, ಅಲ್ಲಿಂದ ನಾಲ್ಕು ನಾಲ್ಕು ವಾರ ಹಿಂದೆ ಸರಿದರೆ ಹನ್ನೆರಡು ಮತ್ತು ಎಂಟನೆಯ ವಾರಗಳು ದೊರೆಯುತ್ತವೆ. ಜಾಗತಿಕ ಕಿರುಪ್ರಾಣಿ ಪಶುವೈದ್ಯ ಸಂಘದ ಮಾರ್ಗಸೂಚಿಯೂ ಆರರಿಂದ ಎಂಟು ವಾರದಲ್ಲಿ ಆರಂಭಿಸಿ, ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ಮುಂದುವರಿಸಿ, ಹದಿನಾರನೆಯ ವಾರಕ್ಕೆ ಮೊದಲು ನಿಲ್ಲಿಸಕೂಡದೆಂದೇ ಹೇಳುತ್ತದೆ. ನಲವತ್ತೈದನೆಯ ದಿನಕ್ಕೆ ಆರಂಭಿಸಿ ಮೂರು ವಾರಕ್ಕೊಂದರಂತೆ ಮೂರನ್ನು ಮುಗಿಸಿದವರು ಲೆಕ್ಕ ಹಾಕಿದರೆ ಕೊನೆಯದು ಎಂಬತ್ತೇಳನೆಯ ದಿನಕ್ಕೆ, ಹದಿಮೂರನೆಯ ವಾರ ತುಂಬುವ ಮೊದಲೇ, ಬಿದ್ದಿರುತ್ತದೆ. ಅಂಥವರು ನಾಲ್ಕನೆಯದೊಂದನ್ನು ಹಾಕಿಸುವುದು ಲೇಸು. ಆರು ತಿಂಗಳಿನಲ್ಲಿ ಮತ್ತೊಂದನ್ನು ಕೊಡಿಸಿದರೆ, ಹದಿನಾರನೆಯ ವಾರದಲ್ಲಿಯೂ ನಾಟದೆ ಉಳಿದ ಅಪರೂಪದ ಮರಿಗೂ ರಕ್ಷಣೆ ದೊರೆಯುತ್ತದೆ. ಅಲ್ಲಿಂದ ಮುಂದೆ ಈ ವೈರಾಣು ಲಸಿಕೆಗಳಿಗೆ ಮೂರು ವರ್ಷಕ್ಕೊಮ್ಮೆ ಸಾಕು.

ಇಷ್ಟೊಂದು ಎಚ್ಚರ ಬೇಕಾದ ರೋಗಗಳಲ್ಲಿ ಪಾರ್ವೊ ಎಂಬುದು ಅತ್ಯಂತ ನಿರ್ದಯವಾದದ್ದು. ನಮ್ಮ ಅಜ್ಜಂದಿರು ಇದನ್ನು ಕಂಡವರಲ್ಲ; 1978ರಲ್ಲಿ ಹಲವು ದೇಶಗಳಲ್ಲಿ ಏಕಕಾಲಕ್ಕೆ ಕಾಣಿಸಿಕೊಂಡು, ಅದುವರೆಗೆ ಅದರ ಪರಿಚಯವಿಲ್ಲದ ಜಗತ್ತಿನ ನಾಯಿಗಳನ್ನು ಅಪಾರ ಸಂಖ್ಯೆಯಲ್ಲಿ ಆಹುತಿ ತೆಗೆದುಕೊಂಡಿತು. ಬೆಕ್ಕುಗಳ ವೈರಾಣುವೊಂದಕ್ಕೆ ಇದು ಸಮೀಪದ ಬಂಧು. ಸದಾ ಹೊಸದಾಗಿ ಬೆಳೆಯುತ್ತಿರುವ ಜೀವಕೋಶಗಳನ್ನೇ ಹುಡುಕಿ ಆಕ್ರಮಿಸುವುದರಿಂದ ಕರುಳಿನ ಒಳಪೊರೆಯೂ ಅಸ್ಥಿಮಜ್ಜೆಯೂ ಮೊದಲು ನಾಶವಾಗುತ್ತವೆ. ನಿನ್ನೆ ಓಡಾಡುತ್ತಿದ್ದ ಮರಿ ಇಂದು ಅನ್ನ ಮುಟ್ಟದೆ ವಾಂತಿ ಮಾಡಿ, ದುರ್ನಾತದ ರಕ್ತಭೇದಿಯಿಂದ ಬಳಲಿ, ಎರಡು ಮೂರು ದಿನಗಳಲ್ಲಿ ತೀರಿಕೊಳ್ಳುವುದುಂಟು. ಈ ವೈರಾಣು ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಅನುಕೂಲವಿದ್ದರೆ ವರ್ಷಕ್ಕೂ ಮೀರಿ, ಜೀವ ಹಿಡಿದಿರುತ್ತದೆ. ನಮ್ಮ ಮೆಟ್ಟಿನ ಅಡಿಯಲ್ಲಿಯೇ ಮನೆಯೊಳಗೆ ಬರುತ್ತದೆ. ಸಾಬೂನು ಇದಕ್ಕೆ ಸಾಲದು, ಬ್ಲೀಚಿಂಗ್ ದ್ರಾವಣವೇ ಬೇಕು. ಮರಿಯೊಂದು ಈ ರೋಗದಿಂದ ಸತ್ತ ಮನೆಗೆ ಅದೇ ತಿಂಗಳಲ್ಲಿ ಇನ್ನೊಂದು ಎಳೆಯ ಮರಿಯನ್ನು ತರುವುದು ಅದನ್ನು ಸಾವಿನ ಬಾಯಿಗೆ ಒಡ್ಡಿದಂತೆ.

ಡಿಸ್ಟೆಂಪರ್ ಹಳೆಯ ರೋಗ. ಸಿಡುಬಿನ ಲಸಿಕೆಯಿಂದ ಪ್ರಖ್ಯಾತನಾದ ಎಡ್ವರ್ಡ್ ಜೆನ್ನರನೇ 1809ರಲ್ಲಿ ಇದರ ಲಕ್ಷಣಗಳನ್ನು ಬರೆದಿದ್ದನು. ವೈರಾಣುವೇ ಕಾರಣವೆಂದು 1905ರಲ್ಲಿ ಫ್ರಾನ್ಸಿನ ಆನ್ರಿ ಕಾರೆ ತೋರಿಸಿದನು. 1920ರ ದಶಕದಲ್ಲಿ ಇಂಗ್ಲೆಂಡಿನ ಲೇಡ್‌ಲಾ ಮತ್ತು ಡಂಕಿನ್ ಫೆರೆಟ್ ಎಂಬ ಮುಂಗುಸಿಯಾಕಾರದ ಪ್ರಾಣಿಯಲ್ಲಿ ಪ್ರಯೋಗಗಳನ್ನು ನಡೆಸಿ ಲಸಿಕೆಯ ದಾರಿಯನ್ನು ತೆರೆದರು. ಅದೇ ಫೆರೆಟ್‌ಗಳಿಂದಲೇ 1933ರಲ್ಲಿ ಮನುಷ್ಯರ ಇನ್‌ಫ್ಲುಯೆಂಜಾ ವೈರಾಣು ಪತ್ತೆಯಾಯಿತೆಂಬುದನ್ನು ನೆನೆದರೆ, ನಾಯಿಯ ಆರೋಗ್ಯಕ್ಕಾಗಿ ನಡೆದ ದುಡಿಮೆ ಮನುಷ್ಯನಿಗೂ ಎಷ್ಟು ಉಪಕರಿಸಿತೆಂಬುದು ಮನದಟ್ಟಾಗುತ್ತದೆ.

ನಮ್ಮ ಜಿಲ್ಲೆಯ ನೆಲದಲ್ಲಿ ಮರೆಯಬಾರದ ಇನ್ನೊಂದು ರೋಗ ಇಲಿಜ್ವರ. ಇಲಿಯ ಮೂತ್ರದಲ್ಲಿ ಹೊರಬೀಳುವ ತಿರುಪಿನಾಕಾರದ ಬ್ಯಾಕ್ಟೀರಿಯವು ನಿಂತ ನೀರಿನಲ್ಲಿ, ಕೆಸರಿನಲ್ಲಿ ಬದುಕಿದ್ದು, ಗಾಯದ ಮೂಲಕವೂ ಬಾಯಿ ಮೂಗುಗಳ ಮೃದುಚರ್ಮದ ಮೂಲಕವೂ ಒಳಸೇರಿ ಯಕೃತ್ತನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ನಾಯಿಗೂ ಬರುತ್ತದೆ, ನಾಟಿ ಮಾಡುವ ಮನುಷ್ಯರಿಗೂ ಬರುತ್ತದೆ. ಹೇಮಾವತಿಯ ನೀರು ಹರಿಯುವ ಹೊಳೆನರಸೀಪುರದ ಗದ್ದೆಯಲ್ಲಿ ಯಜಮಾನನ ಹಿಂದೆಯೇ ಬದುವಿನ ಮೇಲೆ ಓಡುವ ನಾಯಿಗೆ ಈ ಲಸಿಕೆ ಅವಶ್ಯ. ಇದು ಜೀವವಿಲ್ಲದ ಬ್ಯಾಕ್ಟೀರಿಯದಿಂದ ತಯಾರಾದದ್ದು; ಮೊದಲಿಗೆ ಎರಡು ಸಲ ಕೊಡಬೇಕು, ಅನಂತರ ಪ್ರತಿ ವರ್ಷವೂ ಕೊಡಬೇಕು. ಮೂರು ವರ್ಷದ ಲೆಕ್ಕ ಇದಕ್ಕೆ ಸಲ್ಲದು.

ಇನ್ನು ರೇಬೀಸ್. ಹುಚ್ಚುನಾಯಿ ಕಡಿತವೆಂದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯೆಂದು ನಡುಗುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಮರೆತಿಲ್ಲ. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಕೊಟ್ಟ ಚಿಕಿತ್ಸೆಯ ಕೀರ್ತಿ ದಕ್ಷಿಣ ಭಾರತವನ್ನು ತಲಪಿ, 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಕುರಿಯ ಮಿದುಳಿನ ಲಸಿಕೆ ಇಪ್ಪತ್ತನೆಯ ಶತಮಾನದುದ್ದಕ್ಕೂ ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದು, ಈ ಶತಮಾನದ ಮೊದಲ ದಶಕದಲ್ಲಷ್ಟೇ ನಿಂತಿತು. ಈಗಿನ ಲಸಿಕೆ ತೋಳಿಗೆ ಕೊಡುವ ಕೆಲವೇ ಸೂಜಿಗಳದು. ಆದರೂ ಈ ರೋಗದ ಲಕ್ಷಣಗಳು ಒಮ್ಮೆ ಪ್ರಕಟವಾದ ಮೇಲೆ ಬದುಕಿಸುವ ಚಿಕಿತ್ಸೆ ಇಂದಿಗೂ ಇಲ್ಲ. ಮನುಷ್ಯರಿಗೆ ಇದು ನೂರಕ್ಕೆ ತೊಂಬತ್ತೊಂಬತ್ತರಷ್ಟು ನಾಯಿಯಿಂದಲೇ ಬರುತ್ತದೆ. ಆದಕಾರಣ ಮಿಕ್ಕ ಲಸಿಕೆಗಳು ಮರಿಯ ಹಿತಕ್ಕೆಂದಾದರೆ, ರೇಬೀಸ್ ಲಸಿಕೆ ಮರಿಯ ಹಿತದ ಜೊತೆಗೆ ಮನೆಯ ಮಕ್ಕಳ, ಕೊಟ್ಟಿಗೆಯ ದನಗಳ, ಇಡೀ ಬೀದಿಯ ಹಿತಕ್ಕೆ. ಹನ್ನೆರಡು ವಾರ ತುಂಬಿದ ಮೇಲೆ ಮೊದಲನೆಯದು, ವರ್ಷಕ್ಕೆ ಇನ್ನೊಂದು, ಆಮೇಲೆ ನಮ್ಮಲ್ಲಿನ ರೂಢಿಯಂತೆ ವರ್ಷ ವರ್ಷವೂ. ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆಯಾದರೆ ಆ ಊರಿನಲ್ಲಿ ರೋಗದ ಸರಪಳಿ ತುಂಡಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಳೆಯ ಮರಿಯ ಕಡಿತದಿಂದ ರೇಬೀಸ್ ಬಾರದೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಅದು ಪ್ರಾಣಾಂತಿಕವಾದ ತಪ್ಪು. ಲಸಿಕೆಯ ಚರಿತ್ರೆ ಗೊತ್ತಿಲ್ಲದ ಮರಿ ಹಲ್ಲು ತಾಗಿಸಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು.

ಲಸಿಕೆ ಹಾಕಿಸುವಾಗ ವೈದ್ಯರ ಕೈಯನ್ನು ಸ್ವಲ್ಪ ಗಮನಿಸಿ ನೋಡಿ. ಎರಡು ಪುಟ್ಟ ಸೀಸೆಗಳಿರುತ್ತವೆ: ಒಂದರ ತಳದಲ್ಲಿ ಬೆಳ್ಳಗಿನ ಒಣಬಿಲ್ಲೆ, ಇನ್ನೊಂದರಲ್ಲಿ ದ್ರವ. ಬಿಲ್ಲೆಯಲ್ಲಿರುವುದು ಒಣಗಿಸಿದ ಜೀವಂತ ವೈರಾಣುಗಳು. ದ್ರವದಲ್ಲಿ ಬಹುಮಟ್ಟಿಗೆ ಇಲಿಜ್ವರದ ಲಸಿಕೆ. ಬೆರೆಸಿದ ಮೇಲೆ ತಡಮಾಡದೆ ಚುಚ್ಚಬೇಕು. ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡದಿದ್ದರೆ ಆ ವೈರಾಣು ಸತ್ತು, ಸೂಜಿ ಬಿದ್ದರೂ ಫಲವಿರದು. ದ್ರವದ ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಹಾಸನದ ಅಂಗಡಿಯಲ್ಲಿ ಕೊಂಡ ಸೀಸೆಯನ್ನು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಅರಕಲಗೂಡಿನವರೆಗೆ ಒಯ್ಯುವುದಕ್ಕಿಂತ, ಮರಿಯನ್ನೇ ತಾಲ್ಲೂಕು ಪಶು ಆಸ್ಪತ್ರೆಗೋ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಕರೆದೊಯ್ಯುವುದು ಮೇಲು; ಹಾಗಾಗದಿದ್ದರೆ ಐಸ್ ತುಂಬಿದ ಫ್ಲಾಸ್ಕು ಬೇಕೇ ಬೇಕು. ಜ್ವರವಿರುವ, ಭೇದಿಯಿರುವ ಮರಿಗೆ ಅಂದು ಸೂಜಿ ಬೇಡ. ಜಂತುಹುಳುವಿನ ಔಷಧವನ್ನು ಎರಡನೆಯ ವಾರದಿಂದಲೇ ಎರಡು ವಾರಕ್ಕೊಮ್ಮೆ ಕೊಡುತ್ತಾ ಬಂದಿರಬೇಕು.

ಬೀದಿಯಿಂದ ಬಂದ ಮರಿಗೆ ಹುಟ್ಟಿದ ದಿನ ಯಾರಿಗೆ ಗೊತ್ತು ಎನ್ನಬಹುದು. ತುಟಿಯನ್ನು ಎತ್ತಿ ನೋಡಿದರೆ ಉತ್ತರವುಂಟು. ಮೂರನೆಯ ವಾರದಿಂದ ಮೂಡಲಾರಂಭಿಸುವ ಸೂಜಿಮೊನೆಯ ಹಾಲುಹಲ್ಲುಗಳು ಎಂಟನೆಯ ವಾರದ ಹೊತ್ತಿಗೆ ಸಾಲು ತುಂಬಿರುತ್ತವೆ; ಮುಂದಿನ ಬಾಚಿಹಲ್ಲುಗಳು ಉದುರಿ ಅಗಲವಾದ ಶಾಶ್ವತ ಹಲ್ಲು ಇಣುಕಿದರೆ ಮರಿ ನಾಲ್ಕು ತಿಂಗಳ ಆಸುಪಾಸಿಗೆ ಬಂದಿದೆಯೆಂದು ತಿಳಿಯಬಹುದು. ಆ ಹಲ್ಲು ಕಾಣುವವರೆಗೆ ಸೂಜಿಯ ಸರಣಿಯನ್ನು ಮುಗಿಯಿತೆಂದು ಬರೆಯತಕ್ಕದ್ದಲ್ಲ. ಅಷ್ಟು ದಿನವೂ ಮರಿಯನ್ನು ಕತ್ತಲೆಕೋಣೆಯಲ್ಲಿ ಕೂಡಿಹಾಕಬೇಕಾಗಿಲ್ಲ. ಮನುಷ್ಯರ, ಮಕ್ಕಳ, ಲಸಿಕೆಯಾದ ನಾಯಿಗಳ ಒಡನಾಟ ಅದಕ್ಕೆ ಆ ವಯಸ್ಸಿನಲ್ಲಿಯೇ ಬೇಕು. ಬೇರೆ ನಾಯಿಗಳು ಮಲವಿಸರ್ಜಿಸುವ ಬೀದಿಬದಿಗೂ ಸಂತೆಮಾಳಕ್ಕೂ ಇಳಿಸದಿದ್ದರೆ ಸಾಕು.

ವರ್ಷ ಎರಡು ವರ್ಷದಿಂದ ತೋಟ ಕಾಯುತ್ತಿದ್ದು ಒಂದು ಸೂಜಿಯನ್ನೂ ಕಾಣದ ನಾಯಿಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳ ವಿಷಯ ಸುಲಭ. ತಾಯಿಯ ಪ್ರತಿಕಾಯದ ಅಡ್ಡಿ ಎಂದೋ ಕಳೆದಿರುವುದರಿಂದ ಜೀವಂತ ವೈರಾಣುವಿನ ಲಸಿಕೆ ಒಂದೇ ಸಲಕ್ಕೆ ನಾಟುತ್ತದೆ, ಎರಡನೆಯದು ಹೆಚ್ಚಿನ ಭದ್ರತೆಗೆ. ಇಲಿಜ್ವರದ್ದು ಮಾತ್ರ ಎರಡು ಸಲ ಬೇಕು. ರೇಬೀಸಿನದನ್ನು ಅದೇ ದಿನವೇ ಕೊಡಿಸಿ ವರ್ಷಕ್ಕೆ ಮತ್ತೆ ಕೊಡಿಸಬೇಕು. ಸೆಪ್ಟೆಂಬರ್ 28, ಪಾಶ್ಚರ್ ತೀರಿಕೊಂಡ ದಿನ, ವಿಶ್ವ ರೇಬೀಸ್ ದಿನವೆಂದು ಆಚರಿಸಲ್ಪಡುವುದರಿಂದ ಆ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆಯ ಶಿಬಿರಗಳು ನಡೆಯುವುದುಂಟು. ತೋಟದ ನಾಯಿಗೆ ಹಗ್ಗ ಕಟ್ಟಿ ಕರೆತರಲು ಅದು ಒಳ್ಳೆಯ ದಿನ.