ಗಾಳಿ ಸಿಗದ ಕೆಸರಿನಲ್ಲಿ ಮಾರ್ಜಕದ ಗತಿ

ಸೌದಿ ಅರೇಬಿಯಾದ ಜುಬೈಲ್‌ನಲ್ಲಿ ದುಡಿಯುವ ಕರಾವಳಿಯ ಓದುಗರೊಬ್ಬರು ಕೇಳಿದ್ದಾರೆ: ಇಲ್ಲಿನ ಫರಾಬಿ ಕಾರ್ಖಾನೆಯಲ್ಲಿ ತಯಾರಾಗುವ ಎಲ್‌ಎಬಿ, ಅಂದರೆ ಲೀನಿಯರ್ ಆಲ್ಕೈಲ್ ಬೆಂಜೀನ್, ಬಟ್ಟೆ ಸೋಪಿನ ಪುಡಿಗೆ ಮೂಲವಸ್ತು. ಅದು ತಾನಾಗಿಯೇ ಕೊಳೆತುಹೋಗುತ್ತದೆ ಅನ್ನುತ್ತಾರೆ. ಹಾಗಿದ್ದರೆ ಬೆಳ್ಳಂದೂರು ಕೆರೆಯಲ್ಲಿ ಅಷ್ಟು ನೊರೆ ಏಕೆ?

ಕೊಳೆಯುವುದು ನಿಜ, ಆಮ್ಲಜನಕ ಇದ್ದರೆ. 1950ರ ದಶಕದ ಮಾರ್ಜಕಗಳ ಅಣುವಿಗೆ ಕವಲೊಡೆದ ಬಾಲವಿತ್ತು, ಬ್ಯಾಕ್ಟೀರಿಯಾಗಳಿಗೆ ಅದು ದಕ್ಕಲಿಲ್ಲ, ಯೂರೋಪಿನ ನದಿಗಳೆಲ್ಲ ನೊರೆಗಟ್ಟಿದವು. ಪಶ್ಚಿಮ ಜರ್ಮನಿ 1964ರಿಂದ ಕಾನೂನು ಜಾರಿಗೆ ತಂದಿತು, ಮರುವರ್ಷ ಅಮೆರಿಕದ ಉದ್ಯಮವೂ ನೇರ ಬಾಲದ ಎಲ್‌ಎಬಿಗೆ ಬದಲಾಯಿತು. ಅದಕ್ಕೆ ಸಲ್ಫೋನೇಟ್ ಸೇರಿದರೆ ಎಲ್‌ಎಎಸ್, ಇಂದಿನ ಪುಡಿಗಳ ಮುಖ್ಯ ಮಾರ್ಜಕ.

ಬ್ಯಾಕ್ಟೀರಿಯಾ ಈ ಬಾಲವನ್ನು ತಿನ್ನುವ ಬಗೆ ನಾವು ಕಬ್ಬು ತಿಂದಂತೆ. ತುದಿಯಿಂದ ಎರಡೆರಡು ಕಾರ್ಬನ್ನಿನ ಗೆಣ್ಣು ಮುರಿಯುತ್ತ ಬರುತ್ತದೆ. ಆದರೆ ಮೊದಲು ಸಿಪ್ಪೆ ಸುಲಿಯಬೇಕಲ್ಲ! ತುದಿಯ ಮೀಥೈಲ್ ಗುಂಪು ಸುಲಭಕ್ಕೆ ಜಗ್ಗುವಂಥದ್ದಲ್ಲ. ಮಾನೋಆಕ್ಸಿಜನೇಸ್ ಎಂಬ ಕಿಣ್ವ ನೀರಿನಲ್ಲಿ ಕರಗಿದ ಆಮ್ಲಜನಕದಿಂದ ಒಂದು ಪರಮಾಣು ತೆಗೆದು ಅಲ್ಲಿ ಕೂರಿಸಿದರೇ ಹಲ್ಲು ಊರಲು ಜಾಗ. ಕೊನೆಗುಳಿಯುವ ಬೆಂಜೀನ್ ಉಂಗುರ ಒಡೆಯಲೂ ಆಮ್ಲಜನಕವೇ ಬೇಕು. ಅದಿಲ್ಲದ ಕೆಸರಿನಲ್ಲಿ ಕೆಲಸ ಬಹುಮಟ್ಟಿಗೆ ಶುರುವೇ ಆಗುವುದಿಲ್ಲ. ಕೊಳಚೆ ಶುದ್ಧೀಕರಣ ಘಟಕಗಳಲ್ಲಿ ಗಾಳಿಯಿಲ್ಲದೆ ಕೊಳೆಸಿದ ಒಣ ಕೆಸರಿನಲ್ಲಿ ಕಿಲೋಗೆ ಹಲವು ಗ್ರಾಂ ಎಲ್‌ಎಎಸ್ ಸಿಗುವುದು ಇದರಿಂದಲೇ.

ಎಲ್ಲ ಮಾರ್ಜಕಗಳೂ ಹೀಗಲ್ಲ. ಆಲ್ಕೈಲ್ ಸಲ್ಫೇಟಿನ ತಲೆಯನ್ನು ನೀರಿನ ಅಣುವಿನಿಂದಲೇ ಕತ್ತರಿಸಬಹುದು, ಉಳಿದದ್ದು ಕೊನೆಗೆ ಮೀಥೇನ್ ಆಗುತ್ತದೆ. ಅರ್ಧಕ್ಕೇ ನಿಲ್ಲುವವೂ ಇವೆ. ನೊನೈಲ್‌ಫೀನಾಲ್ ಎಥಾಕ್ಸಿಲೇಟಿನ ಎಥಾಕ್ಸಿ ಸರಪಳಿಯನ್ನು ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕಡಿಯುತ್ತವೆ, ಮೂಲಕ್ಕಿಂತ ವಿಷಕಾರಿಯಾದ ನೊನೈಲ್‌ಫೀನಾಲ್ ಉಳಿದುಬಿಡುತ್ತದೆ. ಸ್ವಿಸ್ ವಿಜ್ಞಾನಿ ವಾಲ್ಟರ್ ಗಿಗರ್ ಮತ್ತು ಸಂಗಡಿಗರು ಕೊಳಚೆ ಕೆಸರಿನಲ್ಲಿ ಇದನ್ನು ಕಂಡು 1984ರಲ್ಲಿ ಪ್ರಕಟಿಸಿದರು. ಇಷ್ಟೆಲ್ಲ ಗೊತ್ತಿದ್ದೂ ಐರೋಪ್ಯ ಒಕ್ಕೂಟದ 2004ರ ಮಾರ್ಜಕ ನಿಯಮ ಗಾಳಿಯಿರುವ ಪರೀಕ್ಷೆಯಷ್ಟನ್ನೇ ಕಡ್ಡಾಯ ಮಾಡಿತು. ಪೊಟ್ಟಣದ ಮೇಲಿನ 'ಬಯೋಡಿಗ್ರೇಡಬಲ್' ಪದವನ್ನು ಇಡಿಯಾಗಿ ನಂಬಬಾರದು ಎಂದು ನಾನು ಹೇಳುವುದು ಅದಕ್ಕೇ.

ಬೆಳ್ಳಂದೂರಿನ ಕೊಳಚೆಯಲ್ಲಿ ಬಂದ ಎಲ್‌ಎಎಸ್ ಹೂಳಿಗಂಟಿ ತಳ ಸೇರುತ್ತದೆ. ಜೋರು ಮಳೆ ತಳವನ್ನು ಕಲಕಿದಾಗ ಮೇಲೆದ್ದು ಕೋಡಿಯಲ್ಲಿ ನೊರೆಯಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ.

ಹಾಗೆಂದು ಎಲ್‌ಎಎಸ್ ಅಮರವಲ್ಲ. ಶುದ್ಧೀಕರಣ ಘಟಕದ ಅದೇ ಕೆಸರನ್ನು ಗಾಳಿಯಾಡುವ ಹೊಲದ ಮಣ್ಣಿಗೆ ಬೆರೆಸಿದರೆ ಕೆಲವೇ ವಾರಗಳಲ್ಲಿ ಬಹುಪಾಲು ಹೋಗುತ್ತದೆ. ರಿಯಾದ್‌ನ ಸಂಸ್ಕರಿತ ಕೊಳಚೆನೀರು ಹರಿಯುವ ವಾದಿ ಹನೀಫಾ ಕಣಿವೆಯಲ್ಲಿ ಸಾಲು ಸಾಲು ಸಣ್ಣ ಕಟ್ಟೆಗಳಿವೆ. ನೀರು ಅವುಗಳ ಮೇಲಿಂದ ಧುಮುಕುವಾಗ ಗಾಳಿ ಬೆರೆಯುತ್ತದೆ, ಕಲ್ಲುಗಳ ಮೇಲಿನ ಪಾಚಿ, ಬ್ಯಾಕ್ಟೀರಿಯಾಗಳು ಕೊಳೆ ತಿನ್ನುತ್ತವೆ. 2010ರ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಈ ಯೋಜನೆಗೆ ಬಂತು. ಮಾರ್ಜಕಕ್ಕೆಂದೇ ಕಟ್ಟಿದ್ದಲ್ಲವಾದರೂ ಎಲ್‌ಎಎಸ್‌ಗೆ ಬೇಕಾದ ಆಮ್ಲಜನಕ ಅಲ್ಲಿ ಹೀಗೆ ಸಿಗುತ್ತದೆ.