ಕೂಳೆಯ ಒಡೆತನ

ಗೋಧಿಯ ಸಿವುಡುಗಳಲ್ಲಿ ಒಡೆಯನ ಪಾಲೂ ಚರ್ಚಿನ ದಶಮಾಂಶವೂ ಸಂದುಹೋದ ಮೇಲೆ ಹೊಲದಲ್ಲಿ ಉಳಿಯುತ್ತಿದ್ದ ಕೂಳೆಯು ಯಾರಿಗೆ ಸೇರತಕ್ಕದ್ದೆಂಬ ಪ್ರಶ್ನೆಯು, ಮಹಾಕ್ರಾಂತಿಗೆ ಪೂರ್ವದ ಉತ್ತರ ಫ್ರಾನ್ಸಿನ ಗ್ರಾಮಗಳಲ್ಲಿ ಅಲ್ಪ ವಿಷಯವಾಗಿರಲಿಲ್ಲ. ಆ ಕಾಲದಲ್ಲಿ ಗೋಧಿಯನ್ನು ಕುಡುಗೋಲಿನಿಂದ ನೆಲಕ್ಕೆ ಬಹಳ ಮೇಲಾಗಿಯೇ ಕೊಯ್ಯುತ್ತಿದ್ದರು. ಹಾಗೆ ಎತ್ತರವಾಗಿ ನಿಂತ ಕೂಳೆಯನ್ನು ಊರಿನ ಬಡವರು ಕೊಯ್ದೊಯ್ದು ಸೂರಿಗೆ ಹೊದಿಸುತ್ತಿದ್ದರು, ಇದ್ದೊಂದು ಹಸುವಿನ ಕಾಲಡಿಗೆ ಹಾಸುತ್ತಿದ್ದರು, ಚಳಿಗಾಲದಲ್ಲಿ ಒಲೆಗೂ ಹಾಕುತ್ತಿದ್ದರು. ಉದ್ದ ಹಿಡಿಯ ದೊಡ್ಡ ಕತ್ತಿಯಿಂದ ಬುಡಸಮ ಕೊಯ್ಯುವ ಪದ್ಧತಿಯು ಬರಲು, ಹುಲ್ಲೆಲ್ಲವೂ ರೈತನ ಕಣವನ್ನು ಸೇರಿ ಬಡವನ ಸೂರು ಬರಿದಾಗುವ ಪ್ರಸಂಗ ಒದಗಿದುದರಿಂದ, ಕೆಲವು ಪ್ರಾಂತಗಳ ನ್ಯಾಯಸಭೆಗಳು ಗೋಧಿಯ ಹೊಲದಲ್ಲಿ ಆ ಕತ್ತಿಯನ್ನೇ ನಿಷೇಧಿಸಿದುವು.

ಹೊಲದ ಕೂಳೆಗೂ ಮನೆಯ ಹೊದಿಕೆಯ ಹುಲ್ಲಿಗೂ ಫ್ರೆಂಚರು ‘ಶೋಮ್’ ಎಂಬ ಒಂದೇ ಮಾತನ್ನು ಬಳಸುವುದರ ಹಿಂದೆ ಈ ಬಾಳುವೆಯಿದೆ. ‘ಶೋಮಿಯೇರ್’ ಎಂದರೆ ಹುಲ್ಲು ಹೊದಿಸಿದ ಗುಡಿಸಲು. ಇಂಗ್ಲಿಷಿಗೆ ತರುವವನು ಒಂದೆಡೆ ‘ಸ್ಟಬಲ್’ ಎಂದೂ ಇನ್ನೊಂದೆಡೆ ‘ಥ್ಯಾಚ್’ ಎಂದೂ ಬರೆಯಲೇಬೇಕಾಗುತ್ತದೆ, ಬರೆದೊಡನೆ ಹೊಲಕ್ಕೂ ಮನೆಗೂ ಇದ್ದ ನಂಟು ಕಡಿದುಹೋಗುತ್ತದೆ. ಇಂಗ್ಲೆಂಡಿನ ಹಳ್ಳಿಗಳಲ್ಲಿಯೂ ತೆನೆ ಕೊಯ್ದುಳಿದ ದಂಟನ್ನು ‘ಹಾಮ್’ ಎಂದು ಕರೆದು ಸೂರಿಗೆ ಹೊದಿಸುತ್ತಿದ್ದರಾದರೂ, ಆ ಮಾತು ಈಗ ಹೆಚ್ಚಾಗಿ ಬಟಾಣಿ, ಆಲೂಗಡ್ಡೆಗಳ ಬಳ್ಳಿದಂಟಿಗೆ ಸಲ್ಲುತ್ತಿದೆ.

ಬೇಸಾಯದ ಮಾತುಗಳನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ತರುವ ಕಾರ್ಯವು ಹೊಸದಲ್ಲ. ಶಾರ್ಲ್ ಎತಿಯೆನ್ ಮತ್ತು ಜಾನ್ ಲಿಯೆಬೊ ಎಂಬವರ ಕೃಷಿಗ್ರಂಥವು 1564ರಲ್ಲಿ ಫ್ರೆಂಚಿನಲ್ಲಿ ಪ್ರಕಟವಾಯಿತು. 1600ರಲ್ಲಿ ರಿಚರ್ಡ್ ಸರ್ಫ್ಲೆಟ್ ಅದನ್ನು ಇಂಗ್ಲಿಷಿಗೆ ತಂದನು. 1616ರಲ್ಲಿ ಅದನ್ನು ವಿಸ್ತರಿಸಿದ ಜರ್ವೇಸ್ ಮಾರ್ಕಮ್, ಫ್ರಾನ್ಸ್, ಇಟಲಿ, ಸ್ಪೇನ್ ದೇಶಗಳ ಬೇಸಾಯವನ್ನು ತನ್ನ ನಾಡಿನ ಬೇಸಾಯಕ್ಕೆ ಹೊಂದಿಸಿರುವುದಾಗಿ ಮುಖಪುಟದಲ್ಲಿಯೇ ಸಾರಿದನು. ನಿಘಂಟಿನ ಬಲದಿಂದ ಮಾತ್ರ ಇಂಥ ಗ್ರಂಥವು ನೆಲೆಗೊಳ್ಳದೆಂಬುದನ್ನು ಅವನು ಅರಿತಿದ್ದನೆಂದೇ ನನ್ನ ಭಾವನೆ.

ಫ್ರೆಂಚರ ‘ಸಣ್ಣ ಹುಲ್ಲು’ ನಿಜವಾಗಿ ಹುಲ್ಲೇ ಅಲ್ಲ, ತೂರುವಾಗ ಗಾಳಿಗೆ ಹಾರುವ ಹೊಟ್ಟು. ಇದನ್ನು ಅರಿಯದವನು ಪದಕ್ಕೆ ಪದವಿಟ್ಟು ಕತ್ತರಿಸಿದ ಹುಲ್ಲೆಂದು ಬರೆದುಬಿಡಬಹುದು. ಅದಕ್ಕಿಂತ ಗುರುತರವಾದ ಪ್ರಮಾದಕ್ಕೆ ಎಡೆಯಿರುವುದು 1804ರ ಫ್ರೆಂಚ್ ನಾಗರಿಕ ಸಂಹಿತೆಯ 1778ನೆಯ ವಿಧಿಯಲ್ಲಿ. ಗೇಣಿಯನ್ನು ಬಿಟ್ಟುಹೋಗುವ ರೈತನು, ತಾನು ಬಂದಾಗ ಪಡೆದಿದ್ದ ಪಕ್ಷದಲ್ಲಿ, ಆ ವರ್ಷದ ಹುಲ್ಲನ್ನೂ ಗೊಬ್ಬರವನ್ನೂ ಅಲ್ಲಿಯೇ ಬಿಡತಕ್ಕದ್ದು. ಪಡೆಯದಿದ್ದರೂ ಬೆಲೆಕಟ್ಟಿ ಅವನ್ನು ಉಳಿಸಿಕೊಳ್ಳುವ ಅಧಿಕಾರ ಒಡೆಯನಿಗುಂಟು. ಹುಲ್ಲು ಕೊಟ್ಟಿಗೆಯಲ್ಲಿ ಹಾಸಾಗಿ, ಸಗಣಿ ಗಂಜಲಗಳೊಡನೆ ಕಳಿತು, ಮರಳಿ ಅದೇ ನೆಲವನ್ನು ಸೇರಬೇಕೆಂಬುದೇ ಅದರ ಆಶಯ. ಅಲ್ಲಿರುವ ‘ಆಂಗ್ರೆ’ ಎಂಬ ಶಬ್ದವು ಇಂದು ಸಾಮಾನ್ಯವಾಗಿ ಚೀಲದಲ್ಲಿ ಬರುವ ರಾಸಾಯನಿಕ ಗೊಬ್ಬರವನ್ನು ಸೂಚಿಸುವುದರಿಂದ, ಇಂದಿನ ಅನುವಾದಕನು ‘ಫರ್ಟಿಲೈಸರ್’ ಎಂದು ಬರೆದನಾದರೆ, ತಿಪ್ಪೆಯ ಗೊಬ್ಬರವನ್ನು ಕುರಿತ ಈ ವಿಧಿಯು ಅಂಗಡಿಯಿಂದ ತಂದ ಚೀಲಗಳನ್ನು ಕುರಿತದ್ದಾಗಿ ಓದುಗನಿಗೆ ತೋರುವುದು.