ಪರೀಕ್ಷೆ ಮುಗಿಯಿತು, ಕಲಿಕೆ ಮುಗಿಯಿತಾ?

ಮಾರ್ಚ್ ತಿಂಗಳು ಅರ್ಧ ದಾಟಿದರೆ ನಮ್ಮ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ. ‘ಪರೀಕ್ಷೆ ಮುಗಿಯಿತಲ್ಲ, ಇನ್ನು ಶಾಲೆಗೆ ಹೋಗಿ ಎಂತ ಮಾಡ್ಲಿಕ್ಕುಂಟು?’ ಮಗುವಿಗೆ ಅಷ್ಟು ಸಾಕು. ಮರುದಿನದಿಂದ ಬ್ಯಾಗು ಮೂಲೆ ಸೇರುತ್ತದೆ. ಒಂದು ಮನೆಯಲ್ಲಿ ಮದುವೆ, ಇನ್ನೊಂದು ಮನೆಯಲ್ಲಿ ಗಲ್ಫಿನಿಂದ ರಜೆಯಲ್ಲಿ ಬಂದ ಬಾಪ, ಮತ್ತೊಂದು ಕಡೆ ಪೆರ್ನಾಲಿನ ಬಟ್ಟೆಗೆಂದು ಪೇಟೆಗೆ ಹೋಗುವ ಗಡಿಬಿಡಿ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಸೆಕೆ ಉಂಟಲ್ಲ, ಅದೇ ಕಾರಣ.

ಸರಕಾರಿ ಪ್ರಾಥಮಿಕ ಶಾಲೆಗಳು ಏಪ್ರಿಲ್ ಹತ್ತರ ಆಸುಪಾಸಿನವರೆಗೆ ನಡೆಯುತ್ತವೆ. ಅಂದರೆ ಮಗು ಕಳಕೊಳ್ಳುವುದು ಒಂದೆರಡು ದಿನವಲ್ಲ, ಕೆಲವೊಮ್ಮೆ ಎರಡು ವಾರ. ದೊಡ್ಡ ತರಗತಿಯವರ ವಿಷಯ ಬೇರೆ. ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಮಾತ್ರ ಈ ಎರಡು ವಾರ ಬಹಳ ಬೆಲೆಯದ್ದು. ಅದು ಯಾಕೆ ಎಂದು ತಿಳಿಯಬೇಕಾದರೆ ಈಗಿನ ಸಣ್ಣ ತರಗತಿ ಹೇಗೆ ನಡೆಯುತ್ತದೆ ಎಂದು ಮೊದಲು ನೋಡಬೇಕು.

ನಲಿ-ಕಲಿ ಕೋಣೆಯೊಳಗೆ

ನಾವು ಕಲಿತದ್ದು ಅ, ಆ, ಇ, ಈ ಎಂದು ಸ್ಲೇಟಿನಲ್ಲಿ ತಿದ್ದಿ. ಈಗಿನ ಸರಕಾರಿ ಶಾಲೆಯ ಒಂದನೇ ತರಗತಿಯ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ. ‘ಇದೆಂತ ಅಕ್ಷರಮಾಲೆ ಮಾರಾಯ್ರೆ, ತಲೆಯೂ ಇಲ್ಲ ಬಾಲವೂ ಇಲ್ಲ’ ಎಂದು ಎಷ್ಟೋ ಪೋಷಕರು ನಮ್ಮಲ್ಲಿ ಕೇಳಿದ್ದುಂಟು. ಅದರಲ್ಲಿ ಲೆಕ್ಕಾಚಾರ ಉಂಟು. ಬರೆಯಲು ಸುಲಭವಾದ, ಆಕಾರದಲ್ಲಿ ಹತ್ತಿರವಾದ ಅಕ್ಷರಗಳು ಮೊದಲು ಬರುತ್ತವೆ. ಐದು ಅಕ್ಷರ ಬಂದ ಕೂಡಲೇ ಮಗು ‘ಸರ’, ‘ಅರಸ’, ‘ಗರಗಸ’ ಎಂದು ಪದ ಓದಲು ಶುರು ಮಾಡುತ್ತದೆ. ಅಕ್ಷರಮಾಲೆ ಪೂರ್ತಿ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಇದಕ್ಕೆ ನಲಿ-ಕಲಿ ಎಂದು ಹೆಸರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದದ್ದು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ನಮ್ಮ ರಾಜ್ಯದ ಶಿಕ್ಷಕರೇ ಕೂತು ಕಾರ್ಡುಗಳನ್ನು ಮಾಡಿದರು. 2009-10ರ ಹೊತ್ತಿಗೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದಲ್ಲಿ ಕೂರುತ್ತಾರೆ. ಒಂದು ಗುಂಪು ಟೀಚರ ಸಹಾಯದಿಂದ ಕಲಿಯುತ್ತದೆ, ಒಂದು ಗುಂಪು ಜೊತೆಯ ಮಕ್ಕಳಿಂದ, ಇನ್ನೊಂದು ತಾನೇ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟಕುವ ಕಪ್ಪು ಹಲಗೆ. ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಕಾಗದದ ಹೂ.

ಮುಖ್ಯ ವಿಷಯ ಇನ್ನೊಂದು. ಗೋಡೆಯಲ್ಲಿ ಕಲಿಕಾ ಏಣಿ ಎಂಬ ಪಟ ತೂಗಿರುತ್ತದೆ. ಪ್ರತಿ ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಅದರಲ್ಲಿ ನೋಡಿ, ಆ ಕಾರ್ಡು ತೆಗೆದುಕೊಂಡು ತನ್ನ ಗುಂಪಿನ ತಟ್ಟೆಗೆ ಹೋಗುತ್ತದೆ. ಒಬ್ಬ ಮುಂದೆ, ಒಬ್ಬ ಹಿಂದೆ. ನಾಲ್ಕು ದಿನ ಜ್ವರ ಬಂದು ರಜೆ ಮಾಡಿದ ಮಗುವಿಗೆ ಪಾಠ ತಪ್ಪಿ ಹೋಗುವುದಿಲ್ಲ, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಶುರು.

ಕೊನೆಯ ವಾರದಲ್ಲಿ ಎಂತ ಆಗುತ್ತದೆ?

ಎರಡನೇ ಸಂಕಲನಾತ್ಮಕ ಮೌಲ್ಯಮಾಪನ ಮುಗಿದ ಮೇಲೆ ಟೀಚರ ಕೈಯಲ್ಲಿ ಒಂದು ಚಿತ್ರಣ ಇರುತ್ತದೆ. ಯಾರು ಏಣಿಯ ತುದಿಗೆ ಬಂದರು, ಯಾರು ಒತ್ತಕ್ಷರದಲ್ಲಿ ನಿಂತರು, ಯಾರಿಗೆ ದಶಕ ಕೂಡಿಸಿ ಕಳೆಯುವ ಲೆಕ್ಕ ಇನ್ನೂ ಕೂತಿಲ್ಲ ಎಂದು ಅವರಿಗೆ ಗೊತ್ತುಂಟು. ವರ್ಷವಿಡೀ ಮೂರು ತರಗತಿಯನ್ನು ಒಟ್ಟಿಗೆ ಸುಧಾರಿಸುವ ಟೀಚರಿಗೆ ಒಂದೊಂದೇ ಮಗುವನ್ನು ಹತ್ತಿರ ಕೂರಿಸಿ ಓದಿಸಲು ಸಮಯ ಸಿಗುವುದು ಈಗ. ಮುಂದೆ ಇದ್ದ ಮಕ್ಕಳು ಗ್ರಂಥಾಲಯದ ಕಥೆ ಪುಸ್ತಕ ಹಿಡಿಯುತ್ತಾರೆ, ಕಥೆಯನ್ನು ಅಭಿನಯ ಮಾಡುತ್ತಾರೆ. ಹಿಂದೆ ಉಳಿದವರಿಗೆ ಟೀಚರ ಪೂರ್ತಿ ಗಮನ ಸಿಗುತ್ತದೆ.

ಸಂಕಟ ಎಂತದೆಂದರೆ, ಈ ದಿನಗಳಲ್ಲಿ ಶಾಲೆಗೆ ಬಾರದವರು ಹೆಚ್ಚಾಗಿ ಹಿಂದೆ ಉಳಿದ ಮಕ್ಕಳೇ. ಓದಲು ಬರುವ ಮಗುವಿಗೆ ಶಾಲೆ ಖುಷಿ, ಅದು ಹಟ ಮಾಡಿಯಾದರೂ ಹೋಗುತ್ತದೆ. ಓದಲು ಬಾರದ ಮಗು ಮನೆಯಲ್ಲಿ ನಿಲ್ಲಲು ಒಂದು ಕಾರಣ ಹುಡುಕುತ್ತಾ ಇರುತ್ತದೆ. ಆ ಕಾರಣವನ್ನು ನಾವೇ ಕೈಗೆ ಕೊಡುತ್ತೇವೆ.

ಮೂರರಿಂದ ನಾಲ್ಕಕ್ಕೆ

ಒಂದು, ಎರಡನೇ ತರಗತಿಯ ಮಗು ಏಣಿಯ ಮಧ್ಯದಲ್ಲಿ ನಿಂತರೆ ಅಷ್ಟು ಚಿಂತೆ ಇಲ್ಲ. ಜೂನಿನಲ್ಲಿ ಅದೇ ಕೋಣೆಗೆ ಬಂದು ಅದೇ ಮೆಟ್ಟಿಲಿನಿಂದ ಹತ್ತಬಹುದು. ಮೂರನೇ ತರಗತಿಯ ಮಗುವಿಗೆ ಆ ಅನುಕೂಲ ಇಲ್ಲ. ನಾಲ್ಕರಲ್ಲಿ ನಲಿ-ಕಲಿ ಇಲ್ಲ, ಏಣಿ ಇಲ್ಲ, ಕಾರ್ಡು ಇಲ್ಲ. ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಎಂದು ಬೇರೆ ಬೇರೆ ಪಠ್ಯಪುಸ್ತಕ. ಅಲ್ಲಿಯವರೆಗೆ ಮಗು ಓದಲು ಕಲಿಯುತ್ತದೆ, ಅಲ್ಲಿಂದ ಮುಂದೆ ಓದಿ ಕಲಿಯಬೇಕು. ಓದಲಿಕ್ಕೇ ಬಾರದಿದ್ದರೆ ಪರಿಸರ ಪಾಠವೂ ಹೋಯಿತು, ಗಣಿತದ ವಾಕ್ಯದ ಲೆಕ್ಕವೂ ಹೋಯಿತು.

ಕೇಂದ್ರ ಸರಕಾರ 2021ರ ಜುಲೈಯಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆ ಗೆರೆ ಎಳೆದಿರುವುದೂ ಇಲ್ಲಿಯೇ. ಮೂರನೇ ತರಗತಿ ಮುಗಿಯುವಾಗ ಮಗು ತನ್ನ ವಯಸ್ಸಿಗೆ ತಕ್ಕ, ಹಿಂದೆ ನೋಡದ ಪಾಠವನ್ನು ನಿಮಿಷಕ್ಕೆ ಕನಿಷ್ಠ 60 ಪದದಂತೆ ಅರ್ಥ ತಿಳಿದು ಓದಬೇಕು, 9999ರವರೆಗಿನ ಸಂಖ್ಯೆ ಓದಿ ಬರೆಯಬೇಕು ಎಂಬುದು ಅದರ ಗುರಿ. ನಿಮ್ಮ ಮಗು ಮೂರನೇ ತರಗತಿಯಲ್ಲಿದ್ದರೆ ಮೊಬೈಲಿನಲ್ಲಿ ಒಂದು ನಿಮಿಷ ಸಮಯ ಇಟ್ಟು ಓದಿಸಿ ನೋಡಿ. ಬೈಯುವುದಕ್ಕಲ್ಲ, ತಿಳಿದುಕೊಳ್ಳುವುದಕ್ಕೆ.

‘ಪಾಸಾಗಿದ್ದಾನಲ್ಲ, ಮತ್ತೆಂತ?’ ಎಂದು ಕೆಲವರು ಕೇಳಬಹುದು. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಈ ಸಣ್ಣ ತರಗತಿಗಳಲ್ಲಿ ಫೇಲ್ ಎಂಬುದೇ ಇಲ್ಲ. ‘ಎ ಪ್ಲಸ್’ ಬಂದ ಮಗುವೂ ನಾಲ್ಕಕ್ಕೆ ಹೋಗುತ್ತದೆ, ‘ಸಿ’ ಬಂದ ಮಗುವೂ ಹೋಗುತ್ತದೆ. ಮಗುವಿನ ಮನಸ್ಸಿಗೆ ಅದು ಒಳ್ಳೆಯದು. ಆದರೆ ಮೊದಲಿನಂತೆ ಫೇಲ್ ಆದಾಗ ಮನೆಯವರು ಎಚ್ಚರ ಆಗುವ ಸಂದರ್ಭ ಈಗ ಇಲ್ಲ. ನಾವಾಗಿಯೇ ಕಣ್ಣು ತೆರೆದು ನೋಡಬೇಕು.

ಲ ಮತ್ತು ಳ: ನಮ್ಮ ಮಕ್ಕಳ ಕಷ್ಟ

ನಮ್ಮ ಮಕ್ಕಳಿಗೆ ಒಂದು ಹೆಚ್ಚಿನ ಮೆಟ್ಟಿಲು ಉಂಟು. ಮನೆಯಲ್ಲಿ ಬ್ಯಾರಿ, ಅಂಗಳ ದಾಟಿದರೆ ತುಳು, ಬೆಳಗ್ಗೆ ಮದ್ರಸದಲ್ಲಿ ಅರಬಿ. ಕನ್ನಡವನ್ನು ಸರಿಯಾಗಿ ಕಿವಿಗೆ ಹಾಕಿಕೊಳ್ಳುವುದೇ ಆರನೇ ವರ್ಷದಲ್ಲಿ ಶಾಲೆಗೆ ಹೋದ ಮೇಲೆ. ಹುಟ್ಟಿನಿಂದ ‘ಪೊರೆ’ ಎಂದ ಮಗು ಕಾರ್ಡಿನಲ್ಲಿ ‘ಮನೆ’ ಎಂದು ಓದಬೇಕು. ಅಕ್ಷರ ಕೂಡಿಸಿ ಓದುವುದು ಒಂದು ಕೆಲಸ, ಓದಿದ ಪದ ಯಾವುದು ಎಂದು ತಿಳಿಯುವುದು ಇನ್ನೊಂದು ಕೆಲಸ. ಕನ್ನಡ ಮನೆಮಾತಿನ ಮಗುವಿಗೆ ಮೊದಲನೆಯದು ಮಾತ್ರ ಹೊಸತು, ನಮ್ಮ ಮಗುವಿಗೆ ಎರಡೂ ಹೊಸತು.

ಇನ್ನೂ ಒಂದುಂಟು. ನಮ್ಮ ಬ್ಯಾರಿ ಮಾತಿನಲ್ಲಿ ನ-ಣ, ಲ-ಳ ಎಂಬ ಭೇದ ಇಲ್ಲ ಎಂದು ಭಾಷೆ ಬಲ್ಲವರು ಗುರುತಿಸಿದ್ದಾರೆ. ಹಾಗಾಗಿ ‘ಮಳೆ’ ಬರೆಯಲು ಹೇಳಿದರೆ ಮಗು ‘ಮಲೆ’ ಎಂದು ಬರೆಯುತ್ತದೆ. ಬಲೆ-ಬಳೆ, ಹಾಲು-ಹಾಳು, ಮನೆ-ಮಣೆ ಎಲ್ಲ ಒಂದೇ ಆಗಿ ಕೇಳುತ್ತದೆ. ಉಕ್ತಲೇಖನದಲ್ಲಿ ಕೆಂಪು ಗೀಟು ಬೀಳುವುದು ಹೆಚ್ಚಾಗಿ ಇಲ್ಲಿಯೇ. ಇದು ದಡ್ಡತನ ಅಲ್ಲ, ಮನೆಮಾತಿನ ಪ್ರಭಾವ. ಮನೆಯವರೂ ಟೀಚರೂ ಇದನ್ನು ತಿಳಿದುಕೊಂಡರೆ ಮಗುವಿನ ಮೇಲಿನ ಹೊರೆ ಅರ್ಧ ಇಳಿಯುತ್ತದೆ.

ಈ ವಿಷಯದಲ್ಲಿ ಮದ್ರಸದ ಮಗುವಿಗೆ ಒಂದು ಬಲವೂ ಉಂಟು. ‘ಸೀನ್’ ಬೇರೆ, ‘ಸ್ವಾದ್’ ಬೇರೆ, ಒಂದೊಂದು ಅಕ್ಷರದ ಮಖ್ರಜ್ ಬೇರೆ ಎಂದು ಐದಾರು ವರ್ಷಕ್ಕೇ ನಾಲಗೆ ಪಳಗಿಸಿದ ಮಗು ಅದು. ನಾಲಗೆಯ ತುದಿ ಹಲ್ಲಿನ ಹಿಂದೆ ತಾಗಿದರೆ ‘ಲ’, ಮಡಚಿ ಮೇಲಕ್ಕೆ ತಾಗಿದರೆ ‘ಳ’ ಎಂದು ತೋರಿಸಿ ಕೊಟ್ಟರೆ ಕೂಡಲೇ ಹಿಡಿಯುತ್ತದೆ. ಅರಬಿ ಅಕ್ಷರಕ್ಕೆ ಪಡುವ ಶ್ರಮದಲ್ಲಿ ಕಾಲು ಭಾಗ ಕನ್ನಡದ ಈ ನಾಲ್ಕು ಅಕ್ಷರಕ್ಕೆ ಕೊಟ್ಟರೆ ಸಾಕು. ಉಸ್ತಾದರುಗಳು ಇದನ್ನು ಮದ್ರಸದಲ್ಲೇ ಐದು ನಿಮಿಷದಲ್ಲಿ ಮಾಡಿಸಬಹುದು.

ಉಮ್ಮನಿಗೆ ಕನ್ನಡ ಬಾರದಿದ್ದರೂ

‘ನಮಗೆ ಓದ್ಲಿಕ್ಕೆ ಬರುವುದಿಲ್ಲ, ಮಕ್ಕಳಿಗೆ ಎಂತ ಹೇಳಿಕೊಡುವುದು?’ ಎನ್ನುವ ಉಮ್ಮಂದಿರು ಇನ್ನೂ ಇದ್ದಾರೆ. ಅವರೂ ಮಾಡಬಹುದಾದ ಕೆಲಸ ಒಂದುಂಟು. ಮಗು ಕನ್ನಡದಲ್ಲಿ ನಾಲ್ಕು ಸಾಲು ಓದಲಿ. ಆಮೇಲೆ, ‘ಈಗ ಇದನ್ನು ಬ್ಯಾರಿಯಲ್ಲಿ ಹೇಳು ಮೋನೇ’ ಎನ್ನಿ. ಹೇಳಿತೆಂದರೆ ಅರ್ಥ ಆಗಿದೆ. ಪಟಪಟನೆ ಓದಿ ಆಮೇಲೆ ಬಾಯಿ ಮುಚ್ಚಿ ನಿಂತರೆ ಓದಿದ್ದು ಬರೀ ಶಬ್ದ. ಎಷ್ಟೋ ಮಕ್ಕಳು ಕಾರ್ಡು ಬಾಯಿಪಾಠ ಮಾಡಿರುತ್ತಾರೆ, ನೋಡುವವರಿಗೆ ಓದಿದಂತೆಯೇ ಕಾಣುತ್ತದೆ. ಬ್ಯಾರಿಯಲ್ಲಿ ಹೇಳಿಸಿದರೆ ಗುಟ್ಟು ಗೊತ್ತಾಗುತ್ತದೆ.

ಬ್ಯಾರಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವ ರೂಢಿ ನಮ್ಮಲ್ಲಿ ಉಂಟು. 2007ರಲ್ಲಿ ಶುರುವಾದ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಅಂಥ ಪುಸ್ತಕಗಳನ್ನು ತಂದಿದೆ. ಮನೆಮಾತನ್ನೇ ಕನ್ನಡ ಅಕ್ಷರದಲ್ಲಿ ಕಂಡಾಗ ಮಗುವಿನ ಮುಖ ಅರಳುತ್ತದೆ. ಪದ ಗೊತ್ತಿರುವುದು, ಅಕ್ಷರ ಮಾತ್ರ ಕೂಡಿಸಬೇಕು. ಮನೆಮಂದಿಯ ಹೆಸರು, ತಿಂಡಿಗಳ ಹೆಸರು ಚೀಟಿಯಲ್ಲಿ ಬರೆದು ಓದಿಸಿದರೂ ಆಯಿತು.

ಸಂತೆಯಲ್ಲಿ ಗಣಿತ

ವರ್ಷದ ಕೊನೆಯ ತಿಂಗಳುಗಳಲ್ಲಿ ಹಲವು ಶಾಲೆಗಳು ಮಕ್ಕಳ ಸಂತೆ ಮಾಡುತ್ತವೆ. ಮೆಟ್ರಿಕ್ ಮೇಳ ಎಂದೂ ಕರೆಯುತ್ತಾರೆ. ಮನೆಯ ಬಸಳೆ, ಅಲಸಂಡೆ, ತೆಂಗಿನಕಾಯಿ, ಪುನರ್ಪುಳಿ ಶರಬತ್ತು, ಚರುಮುರಿ, ಉಮ್ಮ ಮಾಡಿಕೊಟ್ಟ ತಿಂಡಿ ಎಲ್ಲ ಅಂಗಳದಲ್ಲಿ ಸಾಲಾಗಿ ಕೂರುತ್ತವೆ. ಬಸಳೆ ಕಟ್ಟಿಗೆ 15 ರೂಪಾಯಿ, ಗಿರಾಕಿ ಎರಡು ಕಟ್ಟು ತೆಗೆದು 50ರ ನೋಟು ಕೊಟ್ಟರೆ ಎಷ್ಟು ಹಿಂದೆ ಕೊಡಬೇಕು? ಪುಸ್ತಕದಲ್ಲಿ ಇದೇ ಲೆಕ್ಕಕ್ಕೆ ತಡವರಿಸುವ ಮಗು ಸಂತೆಯಲ್ಲಿ 20 ರೂಪಾಯಿ ಎಣಿಸಿ ಕೊಟ್ಟು ಬಿಡುತ್ತದೆ. ವ್ಯಾಪಾರ ನಮ್ಮವರ ರಕ್ತದಲ್ಲೇ ಉಂಟು ಎಂದು ತಮಾಷೆ ಮಾಡುವುದು ಬೇಡ. ಲೆಕ್ಕಕ್ಕೆ ಅರ್ಥ ಸಿಕ್ಕಿದಾಗ ಯಾವ ಮಗುವೂ ಮಾಡುತ್ತದೆ.

ಇಂಥ ದಿನ ‘ಆಟ, ಟೈಂಪಾಸ್’ ಎಂದು ಮಗುವನ್ನು ಮನೆಯಲ್ಲಿ ಕೂರಿಸಬೇಡಿ. ಆಗುವುದಾದರೆ ನೀವೇ ಹೋಗಿ ನಾಲ್ಕು ರೂಪಾಯಿಯ ವ್ಯಾಪಾರ ಮಾಡಿ. ಚಿಲ್ಲರೆ ಕೊಡುವಾಗ ಅವಸರ ಮಾಡದೆ ಕಾಯಿರಿ.

ಫಲಿತಾಂಶದ ದಿನ ಟೀಚರಲ್ಲಿ ಕೇಳಬೇಕಾದದ್ದು

ಏಪ್ರಿಲಿನಲ್ಲಿ ಶಾಲೆ ಪೋಷಕರನ್ನು ಕರೆದು ಫಲಿತಾಂಶ ಹೇಳುತ್ತದೆ. ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮ ಇರುವುದೇ ಇದಕ್ಕೆ. ನಮ್ಮಲ್ಲಿ ಹಲವರು ಹೋಗುವುದಿಲ್ಲ. ಹೋದವರು ಗ್ರೇಡ್ ನೋಡಿ ಸಹಿ ಹಾಕಿ ಬರುತ್ತಾರೆ. ಗ್ರೇಡಿಗಿಂತ ನಾಲ್ಕು ಪ್ರಶ್ನೆ ಮುಖ್ಯ. ಮಗು ಏಣಿಯ ಯಾವ ಮೆಟ್ಟಿಲಲ್ಲಿ ನಿಂತಿದೆ? ಹೊಸ ಪಾಠ ಕೊಟ್ಟರೆ ತಾನೇ ಓದುತ್ತದಾ? ಯಾವ ಅಕ್ಷರದಲ್ಲಿ, ಯಾವ ಲೆಕ್ಕದಲ್ಲಿ ತಪ್ಪುತ್ತದೆ? ರಜೆಯಲ್ಲಿ ನಾವು ಎಂತ ಮಾಡಬೇಕು? ಇಷ್ಟು ಕೇಳಿದರೆ ಟೀಚರಿಗೂ ಹುರುಪು ಬರುತ್ತದೆ. ಬಾಪ ಊರಿನಲ್ಲಿದ್ದರೆ ಅವರೂ ಹೋಗಲಿ. ಉಮ್ಮ ಒಬ್ಬರದ್ದೇ ಕೆಲಸ ಅಲ್ಲ ಇದು.

ರಜೆಯ ಒಂದೂವರೆ ತಿಂಗಳು

ಬೇಸಿಗೆ ರಜೆ ಸುಮಾರು ಒಂದೂವರೆ ತಿಂಗಳು. ಈಗಷ್ಟೇ ಓದಲು ಶುರು ಮಾಡಿದ ಮಗು ಅಷ್ಟು ದಿನ ಕನ್ನಡ ಅಕ್ಷರ ನೋಡದಿದ್ದರೆ ಜೂನಿನಲ್ಲಿ ಎರಡು ಮೆಟ್ಟಿಲು ಕೆಳಗೆ ಇಳಿದಿರುತ್ತದೆ. ಮನೆಮಾತು ಕನ್ನಡ ಅಲ್ಲದ ಮಗುವಿಗೆ ಈ ನಷ್ಟ ಇನ್ನೂ ಹೆಚ್ಚು, ಯಾಕೆಂದರೆ ರಜೆಯಲ್ಲಿ ಅದರ ಕಿವಿಗೆ ಕನ್ನಡ ಬೀಳುವುದೇ ಕಡಿಮೆ.

ಮದ್ರಸದ ವರ್ಷ ಶಅಬಾನಿನಲ್ಲಿ ಮುಗಿದು ಶವ್ವಾಲಿನಲ್ಲಿ ಮತ್ತೆ ಶುರುವಾಗುತ್ತದೆ. ಹಿಜರಿ ವರ್ಷ ಇಂಗ್ಲಿಷ್ ವರ್ಷಕ್ಕಿಂತ 10-11 ದಿನ ಕಡಿಮೆಯಾದ ಕಾರಣ ರಮಝಾನ್ ಹಿಂದೆ ಹಿಂದೆ ಬರುತ್ತಾ, ಈಚಿನ ವರ್ಷಗಳಲ್ಲಿ ಶಾಲೆಯ ಕೊನೆಯ ದಿನಗಳಿಗೇ ಸುತ್ತಿಕೊಂಡಿದೆ. ಇದರಿಂದ ಒಂದು ಲಾಭವೂ ಆಗಿದೆ. ಪೆರ್ನಾಲ್ ಕಳೆದು ಮದ್ರಸ ತೆರೆದಾಗ ಶಾಲೆಗೆ ರಜೆ ಬಂದಿರುತ್ತದೆ. ಮಕ್ಕಳು ಹೇಗೂ ಮದ್ರಸಕ್ಕೆ ಬರುತ್ತಾರೆ. ಪಾಠ ಬಿಟ್ಟ ಮೇಲೆ ಅರ್ಧ ಗಂಟೆ ಕನ್ನಡ ಓದಿಸಲು ಜಮಾಅತ್ ಕಮಿಟಿಯವರು ಮನಸ್ಸು ಮಾಡಬಹುದು. ಊರಿನಲ್ಲಿ ಪಿಯುಸಿ, ಡಿಗ್ರಿ ಓದುವ ಹುಡುಗ ಹುಡುಗಿಯರಿದ್ದಾರೆ, ಅವರಿಗೂ ರಜೆ. ಹತ್ತು ಕಥೆ ಪುಸ್ತಕ, ಒಂದು ಚಾಪೆ, ಒಂದು ಕಪ್ಪು ಹಲಗೆ ಇದ್ದರೆ ಕೆಲಸ ಶುರು. ಲಕ್ಷದ ಬಜೆಟ್ ಬೇಡ.

ಮನೆಯಲ್ಲಿಯೂ ದಿನಕ್ಕೆ ಹದಿನೈದು ನಿಮಿಷ ಸಾಕು. ಮನೆಗೆ ಬರುವ ಈ ಪೇಪರಿನ ದೊಡ್ಡ ಅಕ್ಷರದ ತಲೆಬರಹ, ಬಸ್ಸಿನ ಬೋರ್ಡು, ಬಿಸ್ಕೆಟ್ ಪ್ಯಾಕೆಟ್ ಎಲ್ಲ ಓದುವ ವಸ್ತುವೇ. ಅಂಗಡಿಗೆ ಕಳುಹಿಸುವಾಗ ಸಾಮಾನಿನ ಚೀಟಿಯನ್ನು ಮಗುವಿನ ಕೈಯಲ್ಲೇ ಬರೆಸಿ. ತಪ್ಪಿದರೆ ತಿದ್ದಿ, ನಗಬೇಡಿ.

ಈ ಸಲ ಶಾಲೆಯ ಕೊನೆಯ ಗಂಟೆ ಬಾರಿಸುವವರೆಗೂ ಮಗುವನ್ನು ಕಳುಹಿಸಿ. ಮೂರನೇ ತರಗತಿಯ ಮಗು ಇರುವ ಮನೆಯವರು ನಾಳೆಯೇ ಹೋಗಿ ಟೀಚರನ್ನು ಕಾಣಿ. ನಾಲ್ಕನೇ ತರಗತಿಯ ಪುಸ್ತಕ ಜೂನಿನಲ್ಲಿ ಬರುತ್ತದೆ, ಅದನ್ನು ಓದಲು ಬೇಕಾದ ತಯಾರಿ ಆಗಬೇಕಾದದ್ದು ಈಗ.